ಹೊನ್ನೆಯ ತೊಗಟೆ ತರಲು ಹೋದದ್ದು

ದಸರಾ ರಜೆಯ ಮೂರನೆಯ ದಿನ, ಬೆಳಗಿನ ಆರೂವರೆಯ ಬಸ್ಸಿಗೆ ನಾನು ಮತ್ತು ನನ್ನ ತಮ್ಮ ಸಿದ್ದರಾಮ ಇಂಡಿ ಬಿಟ್ಟೆವು. ನನ್ನದು ಹೆಂಗಸರ ಉಚಿತ ಟಿಕೆಟ್ಟು, ಅವನದು ಪೂರ್ತಿ ದರದ್ದು. ಹಿಂದಿನ ಸೀಟುಗಳ ನಡುವೆ ಲಿಂಬೆಹಣ್ಣಿನ ಚೀಲಗಳನ್ನು ಒಟ್ಟಿದ್ದರು. ಬಸ್ಸೆಲ್ಲ ಅದರದೇ ವಾಸನೆ. ನನಗೆ ಅದರಿಂದ ಉಪಕಾರವೇ ಆಯಿತು. ಸಿದ್ದುವಿನ ಬಲಗಾಲಿಗೆ ಬಿಳಿ ಬಟ್ಟೆ ಸುತ್ತಿ ಮೇಲೊಂದು ಪ್ಲಾಸ್ಟಿಕ್ ಚೀಲ ಕಟ್ಟಿತ್ತು. ಆ ಕಾಲಿನ ನಾತ ಉಳಿದವರಿಗೆ ತಿಳಿಯಬಾರದೆಂದು ಅವನನ್ನು ಕಿಟಕಿಯ ಕಡೆ ಕೂರಿಸಿ ಗಾಜು ಪೂರ್ತಿ ಸರಿಸಿದ್ದೆ.

ಸಿದ್ದು ಇಂಡಿಯಲ್ಲಿ ಟೇಲರ್. ನನಗಿಂತ ಎಂಟು ವರ್ಷ ಚಿಕ್ಕವನು. ಅವನಿಗೆ ಬಹಳ ವರ್ಷಗಳಿಂದ ಶುಗರ್. ಬೇಸಿಗೆಯಲ್ಲಿ ಚಪ್ಪಲಿ ಕಚ್ಚಿ ಹೆಬ್ಬೆರಳಿಗೆ ಗಾಯವಾಯಿತು, ಮಾಯಲಿಲ್ಲ, ಬೆರಳು ಕಪ್ಪಾಯಿತು. ವಿಜಯಪುರದ ಡಾಕ್ಟರು ಬೆರಳು ತೆಗೆಯಬೇಕು, ಎಂಟು ದಿನದಲ್ಲಿ ಬಂದು ಸೇರಿಕೊಳ್ಳಿ ಎಂದಿದ್ದರು. ಅವನು ಅಲ್ಲಿಗೆ ಹೋಗುವುದನ್ನು ಬಿಟ್ಟು ಸಿಂದಗಿಯಲ್ಲಿ ಒಂದು ಹೊನ್ನೆಮರದ ಲೋಟ ಕೊಂಡುತಂದ. ರಾತ್ರಿ ಅದರಲ್ಲಿ ನೀರಿಟ್ಟು ಬೆಳಿಗ್ಗೆ ಕುಡಿದರೆ ಶುಗರ್ ಇಳಿಯುತ್ತದೆಂದು ಯಾರೋ ಫೋನಿನಲ್ಲಿ ತೋರಿಸಿದ್ದರಂತೆ. ಗುಳಿಗೆ, ಇಂಜೆಕ್ಷನ್ ಎಲ್ಲ ಬಿಟ್ಟು ಮೂರು ವಾರವಾಗಿತ್ತು. ನನಗೆ ತಿಳಿದದ್ದು ರಜೆ ಬಿದ್ದ ದಿನ, ಅವನ ಮನೆಗೆ ಹೋದಾಗ.

ನಾನು ಜಗಳ ಮಾಡಿದೆ. ಕೊನೆಗೆ ಅವನೇ ಒಂದು ಮಾತಿಗೆ ಬಂದ. "ಮುದ್ದೇಬಿಹಾಳದ ಕಡೆ ಒಬ್ಬ ಮುತ್ಯಾ ಹೊನ್ನಿ ತೊಗಟೀನ ಕೊಡ್ತಾನಂತ. ಲೋಟಕ್ಕಿಂತ ಅದು ಭಾಳ ಕಡಕ್. ಒಮ್ಮೆ ಅದನ್ನ ಕುಡೀತೇನಿ ಅಕ್ಕಾ. ಮರುದಿನ ನೀ ಎಲ್ಲಿ ಕರೀತಿ ಅಲ್ಲಿ ಬರ್ತೇನಿ," ಎಂದ. ನಾನು ಒಪ್ಪಿದೆ. ಅವತ್ತೇ ಅವನನ್ನು ವಿಜಯಪುರದ ಬಸ್ಸಿಗೆ ಹತ್ತಿಸಬೇಕಿತ್ತು. ನಾನು ಸರಕಾರಿ ಶಾಲೆಯಲ್ಲಿ ಇಪ್ಪತ್ತೆರಡು ವರ್ಷದಿಂದ ವಿಜ್ಞಾನ ಕಲಿಸುವವಳು. ಆದರೂ ಒಳಗೆಲ್ಲೋ ನನಗೂ ಆಸೆಯಿತ್ತು ಎಂಬುದನ್ನು ಮುಚ್ಚಿಡುವುದಿಲ್ಲ.

ಎಂಟಕ್ಕೆ ಸಿಂದಗಿ. ಮುಂದಿನ ಬಸ್ಸಿಗೆ ಒಂದು ತಾಸು ಇತ್ತು. ಹೋಟೆಲಿನಲ್ಲಿ ಮಂಡಕ್ಕಿ ಸೂಸಲ ತಿಂದು ಹೊರಗೆ ಬಂದರೆ ಬಸ್‌ಸ್ಟ್ಯಾಂಡಿನ ಎದುರು ಕೈಗಾಡಿಯ ಮೇಲೆ ಕೆಂಪು ಮರದ ಲೋಟಗಳನ್ನು ಜೋಡಿಸಿಟ್ಟಿದ್ದರು. "ಇವನ ಕಡೆನ ನಾ ತಗೊಂಡಿದ್ದೆ," ಎಂದ ಸಿದ್ದು. ಮಾರುವವನು ಐವತ್ತರ ಸುಮಾರಿನ ಗಟ್ಟಿ ಆಳು. ನಾನು ಒಂದು ಲೋಟ ತೆಗೆದುಕೊಂಡು ನನ್ನ ಬಾಟಲಿಯ ನೀರು ಸುರಿದು, ಒಂದು ಚಹಾ ಕುಡಿಯುವಷ್ಟು ಹೊತ್ತು ಬಿಸಿಲಲ್ಲಿ ಹಿಡಿದು ನಿಂತೆ. ನಿಜವಾದ ಹೊನ್ನೆಯ ಕಟ್ಟಿಗೆ ನೆನೆದ ನೀರು ಬಿಸಿಲಿಗೆ ಹಿಡಿದರೆ ಅಂಚಿನಲ್ಲಿ ನೀಲಿ ಹೊಳೆಯುತ್ತದೆಂದು ಓದಿದ್ದೆ. ಇದರಲ್ಲಿ ಯಾವ ನೀಲಿಯೂ ಬರಲಿಲ್ಲ. ಕರ್ಚೀಫಿನಿಂದ ಒರೆಸಿದೆ, ಕರ್ಚೀಫು ಕೆಂಪಾಯಿತು.

"ಇದು ಹೊನ್ನಿ ಏನ್ರಿ?" ಎಂದು ಕೇಳಿದೆ.

"ಹೊನ್ನಿ ಎಲ್ಲೈತ್ರಿ ಅಕ್ಕಾರ ಈಗ?" ಎಂದ ಅವನು, ಸ್ವಲ್ಪವೂ ಸಂಕೋಚವಿಲ್ಲದೆ. "ಇದು ಯಾವುದೋ ಕಟ್ಟಿಗಿ, ಬಣ್ಣಾ ಹಚ್ಚಿ ಕಳಸ್ತಾರ. ಬಂದ ಮಾಲು ನಾ ಮಾರ್ತೇನಿ."

"ಜನ ಗುಳಗಿ ಬಿಟ್ಟು ಇದನ್ನ ಕುಡ್ಯಾಕತ್ತಾರಲ್ರಿ?"

"ಗುಳಗಿ ಬಿಡಬಾರದ್ರಿ. ನನಗೂ ಶುಗರ್ ಐತಿ. ನಾ ಒಂದ ದಿನಾನೂ ಬಿಡಂಗಿಲ್ಲ." ಅಂಗಿಯ ಕಿಸೆಯಿಂದ ಗುಳಿಗೆಯ ಸ್ಟ್ರಿಪ್ ತೆಗೆದು ತೋರಿಸಿದ.

ಸಿದ್ದುವಿನ ಮುಖ ಸಣ್ಣದಾಯಿತು. ವಿಜಯಪುರದ ಬಸ್ಸು ಎದುರಿಗೇ ನಿಂತಿತ್ತು. "ನಡಿ, ಈಗ ಹತ್ತೂಣು," ಎಂದು ಅವನ ಕೈ ಹಿಡಿದೆ. ಅವನು ಕೈ ಬಿಡಿಸಿಕೊಂಡ. "ನಾ ಮೂರ ವಾರ ಕುಡದದ್ದು ಖೊಟ್ಟಿ ಅಂದಂಗಾತು. ಅದಕ್ಕ ಗುಣಾ ಆಗಿಲ್ಲ. ಖರೇದ್ದು ಇನ್ನೂ ಕುಡದ ಇಲ್ಲಲ್ಲಕ್ಕಾ ನಾ," ಎಂದ. ವಿಜಯಪುರದ ಬಸ್ಸು ಹೊರಟುಹೋಯಿತು.

ತಾಳಿಕೋಟೆಯ ದಾರಿಯಲ್ಲಿ ಎರಡೂ ಕಡೆ ತೊಗರಿ ಎದೆಮಟ್ಟ ಬೆಳೆದು ಹೂ ಬಿಡತೊಡಗಿತ್ತು. ಡೋಣಿ ಹೊಳೆಯ ನೀರು ಎರೆಮಣ್ಣು ಕಲಸಿ ಕಪ್ಪಾಗಿ ಹರಿಯುತ್ತಿತ್ತು. ಸಿದ್ದು ಬಾಯಿ ತೆರೆದು ನಿದ್ದೆ ಹೋಗಿದ್ದ. ಸೇತುವೆಯ ಮೇಲೆ ಬಸ್ಸು ಕುಲುಕಿದಾಗ ಎಚ್ಚರಾಗಿ ತನ್ನ ಬಲಗಾಲನ್ನು ನೋಡಿಕೊಂಡ. "ಮಷೀನ್ ತುಳಿಯೂದು ಈ ಕಾಲೀಲೇ ಅಕ್ಕಾ. ಬೆರಳಂತಾರ. ಆಮ್ಯಾಲ ಪಾದ ಅಂತಾರ. ಮುಂದ ಅವ್ರು ನಿಲ್ಲಂಗಿಲ್ಲ," ಎಂದ. ಅವನು ಹೆದರಿದ್ದಾನೆಂದು ನನಗೆ ಅರ್ಥವಾದದ್ದು ಆಗಲೇ. ಅಲ್ಲಿಯವರೆಗೆ ಹಟವೆಂದುಕೊಂಡಿದ್ದೆ.

ಮುದ್ದೇಬಿಹಾಳ ತಲುಪಿದಾಗ ಒಂದೂಕಾಲು. ಇಲ್ಲಿ ಎರೆಮಣ್ಣು ಮುಗಿದು ಕೆಂಪು ಗರಸುಮಣ್ಣು, ಬಂಡೆ ಶುರುವಾಗುತ್ತದೆ. ಬಿಸಿಲು ಕಣ್ಣಿಗೆ ಹೊಡೆಯುತ್ತಿತ್ತು. ಬಸ್‌ಸ್ಟ್ಯಾಂಡಿನ ಕಟ್ಟೆಯ ಮೇಲೆ ಕೂತು ಕಟ್ಟಿಕೊಂಡು ಬಂದಿದ್ದ ರೊಟ್ಟಿ, ಹೆಸರುಕಾಳಿನ ಪಲ್ಯ ಬಿಚ್ಚಿದೆ. ಸಿದ್ದು ಅರ್ಧ ರೊಟ್ಟಿಯನ್ನೂ ತಿನ್ನಲಿಲ್ಲ, ನೀರು ಮಾತ್ರ ಎರಡು ಬಾಟಲಿ ಕುಡಿದ. ಅಲ್ಲಿಂದ ಟಂಟಂ ಆಟೋ ಹಿಡಿದು ಒಂದು ಗುಡ್ಡದ ಬುಡದ ಹಳ್ಳಿಗೆ ಹೋದೆವು. ಆ ಹಳ್ಳಿಯ ಹೆಸರನ್ನು ಇಲ್ಲಿ ಬರೆಯುವುದಿಲ್ಲ.

ಔಷಧ ಕೊಡುವ ಮುತ್ಯಾನ ಹೆಸರು ಯಮನಪ್ಪ. ಎಪ್ಪತ್ತು ದಾಟಿದ, ಒಣಗಿದ ಮೈಯ ಮನುಷ್ಯ. ನಾವು ಬಂದ ಕಾರಣ ಕೇಳುವ ಮೊದಲೇ ಸಿದ್ದುವಿನ ಕಾಲಿನ ಬಟ್ಟೆ ಬಿಚ್ಚಿ ನೋಡಿದ. ನೋಡಿ, ಮತ್ತೆ ಮೆಲ್ಲಗೆ ಸುತ್ತಿದ.

"ಯವ್ವಾ, ಇದು ನನ್ನ ಕೈಯಾಗಿನ ಬ್ಯಾನಿ ಅಲ್ಲ. ಇವತ್ತ ದವಾಖಾನಿಗೆ ಒಯ್ಯಿ," ಎಂದು ನನಗೆ ಹೇಳಿದ.

"ಸ್ವಲ್ಪ ಹೊನ್ನಿ ತೊಗಟಿ ಕೊಡ್ರಿ ಮುತ್ಯಾ, ಹೋಗ್ತೇವಿ," ಎಂದ ಸಿದ್ದು.

"ತೊಗಟಿ ಕೊಡೂದು ಬಿಟ್ಟೇನಿ ತಮ್ಮಾ. ಗಿಡದ ಮ್ಯಾಲನ ಉಳದಿಲ್ಲ, ಏನ ಕೊಡ್ಲಿ?"

ಸಿದ್ದು ನಂಬಲಿಲ್ಲ. ಯಾರೋ ದೊಡ್ಡವರಿಗೆ ಕೊಡಲು ಇಟ್ಟುಕೊಂಡು ತನಗಿಲ್ಲ ಎನ್ನುತ್ತಿದ್ದಾನೆಂದುಕೊಂಡ; ಗಿಡ ತೋರಿಸು ಎಂದು ಹಟ ಹಿಡಿದ. ಆ ಕಾಲಿನಲ್ಲಿ ಗುಡ್ಡ ಹತ್ತಬಾರದೆಂದು ಮುತ್ಯಾ ಹೇಳಿದ, ನಾನೂ ಹೇಳಿದೆ. ಅವನು ಆಗಲೇ ಎದ್ದು ನಡೆಯತೊಡಗಿದ್ದ. ಅರ್ಧ ತಾಸಿನ ದಾರಿಗೆ ನಮಗೆ ಒಂದು ತಾಸು ಹಿಡಿಯಿತು. ಬಂಡೆಯಿಂದ ಬಂಡೆಗೆ ಮುತ್ಯಾ ಅವನ ಒಂದು ತೋಳು ಹಿಡಿದಿದ್ದ, ನಾನು ಇನ್ನೊಂದು. ಪ್ಲಾಸ್ಟಿಕ್ ಚೀಲ ಹರಿದುಹೋಯಿತು.

ಹೊನ್ನೆ ನಮ್ಮ ಬಯಲಿನ ಮರವಲ್ಲ. ಸಹ್ಯಾದ್ರಿಯ ಬೆಟ್ಟಗಾಡಿನದು, ಬೇಸಿಗೆಯಲ್ಲಿ ಎಲೆಯೆಲ್ಲ ಉದುರಿಸಿ, ಮಳೆಗಾಲ ಮುಗಿಯುವ ಹೊತ್ತಿಗೆ ಹಳದಿ ಹೂ ಬಿಡುವಂಥದು. ಅಲ್ಲಿಯೂ ಈಗ ಕಡಿಮೆಯಾಗಿದೆ. ಪಾಠದಲ್ಲಿ ಹೆಸರು ಹೇಳಿದ್ದೆನೇ ಹೊರತು ಕಣ್ಣಾರೆ ಕಂಡಿರಲಿಲ್ಲ. ಗುಡ್ಡದ ನೆತ್ತಿಯ ಕೆಳಗೆ, ಎರಡು ಬಂಡೆಗಳ ನಡುವೆ ಅದು ನಿಂತಿತ್ತು. ಮೇಲೆ ಗೊಂಚಲು ಗೊಂಚಲು ಹೂ. ಇಡೀ ಇಳಿಜಾರಿಗೆ ಅದರ ಪರಿಮಳ ಹರಡಿತ್ತು. ದುಂಬಿಗಳ ಸದ್ದು ದೂರದಿಂದಲೇ ಕೇಳುತ್ತಿತ್ತು.

ಕೆಳಗೆ ನೋಡಿದೆ. ಬುಡದಿಂದ ಹಿಡಿದು ಏಣಿ ಹಾಕಿದರೆ ಕೈ ಎಟುಕುವಷ್ಟು ಎತ್ತರದವರೆಗೆ ಮರಕ್ಕೆ ತೊಗಟೆಯೇ ಇರಲಿಲ್ಲ. ಕೊಡಲಿಯ ಕಚ್ಚುಗಳಿಂದ ಕೆಂಪು ಅಂಟು ಇಳಿದು, ಹೆಪ್ಪುಗಟ್ಟಿ, ಬುಡದ ಕಲ್ಲುಗಳಿಗೆಲ್ಲ ಅಂಟಿತ್ತು. ಕಡಿದರೆ ಈ ಮರದಿಂದ ರಕ್ತದಂಥ ಅಂಟು ಬರುತ್ತದೆಂದು ಓದಿದ್ದೆ, ನಿಜ. ಆದರೂ ಸ್ವಲ್ಪ ಹೊತ್ತು ಹತ್ತಿರ ಹೋಗಲು ಆಗಲಿಲ್ಲ.

"ನಮ್ಮಪ್ಪನ ಕಾಲಕ್ಕ ಈ ಗುಡ್ಡದಾಗ ಏಳೆಂಟ ಇದ್ದುವು," ಎಂದ ಮುತ್ಯಾ. "ಮನಿ ತೊಲಿ, ಬಂಡಿ ಅಂತ ಹೋದುವು. ಇದೊಂದ ಉಳದಿತ್ತು. ನಾ ಒಣಗಿ ಬಿದ್ದ ಟೊಂಗೀ ತೊಗಟಿ ಕೊಡ್ತಿದ್ದೆ ಅಷ್ಟ. ಹ್ವಾದ ವರ್ಷ ಯಾರೋ ಬಂದು ನನ್ನ ಮಾತಾಡ್ಸಿ ಫೋನಿನ್ಯಾಗ ಹಾಕಿದ್ರು. ಆಮ್ಯಾಲ ಕಾರು ತಗೊಂಡ ಬಂದ್ರು, ಕೊಡ್ಲಿ ತಗೊಂಡ ಬಂದ್ರು. ನಾ ಹಗಲೆಲ್ಲಾ ಇಲ್ಲೇ ಕುಂಡ್ರಾಕತ್ತೆ. ನಾ ಇಲ್ಲದಾಗ ಬಂದ್ರು. ಗಿಡದ ಹೆಸರ ಹೇಳಬಾರದಿತ್ತು ನಾ."

ಆಮೇಲೆ ನನ್ನನ್ನು ಬಂಡೆಯ ಸಂದಿಗೆ ಕರೆದ. ಬಂಡೆಗೆ ಒತ್ತಿಕೊಂಡ ಕಡೆ, ಕೊಡಲಿ ಬೀಸಲು ಜಾಗವಿಲ್ಲದಲ್ಲಿ, ಒಂದು ಗೇಣು ಅಗಲದ ತೊಗಟೆ ಬುಡದಿಂದ ಮೇಲಿನವರೆಗೆ ಉಳಿದಿತ್ತು. ಅದರ ಎರಡೂ ಅಂಚಿಗೆ ಸಗಣಿ, ಕೆಮ್ಮಣ್ಣು ಕಲಸಿ ಮೆತ್ತಿದ್ದ. "ಇದೊಂದ ಪಟ್ಟಿ ಮ್ಯಾಲ ಇದರ ಜೀವ ಐತಿ," ಎಂದ. ಅವನು ಶಾಲೆಗೆ ಹೋದವನಲ್ಲ. ನಾನು ಅದನ್ನೇ ಪ್ರತಿವರ್ಷ ಏಳನೆಯ ತರಗತಿಗೆ ಚಿತ್ರ ಬರೆದು ಕಲಿಸುತ್ತೇನೆ: ಎಲೆಯಲ್ಲಿ ತಯಾರಾದ ಆಹಾರ ತೊಗಟೆಯ ಒಳಪದರದಲ್ಲಿ ಬೇರಿಗೆ ಇಳಿಯುತ್ತದೆ, ತೊಗಟೆಯನ್ನು ಸುತ್ತಲೂ ತೆಗೆದರೆ ಬೇರು ಉಪವಾಸ ಬಿದ್ದು ಮರ ಸಾಯುತ್ತದೆ.

ಅಷ್ಟರಲ್ಲಿ ಸಿದ್ದು ತಲೆ ತಿರುಗುತ್ತದೆಂದು ಕಲ್ಲಿನ ಮೇಲೆ ಒರಗಿಬಿಟ್ಟ. ಬಾಟಲಿಯಲ್ಲಿ ನೀರಿರಲಿಲ್ಲ. ಕೆಳಗೊಂದು ಹೊಂಡವಿದೆ, ತರುತ್ತೇನೆಂದು ಮುತ್ಯಾ ಬಾಟಲಿ ಹಿಡಿದು ಇಳಿದುಹೋದ. ಅವನ ಕುಡಗೋಲು ಮರದ ಬುಡದಲ್ಲಿತ್ತು.

"ಅಕ್ಕಾ, ಎರಡ ಬೊಟ್ಟಿನಷ್ಟು ಸಾಕು," ಎಂದ ಸಿದ್ದು. ಅವನ ತುಟಿ ಬಿಳಿಚಿಕೊಂಡಿತ್ತು. "ಎರಡ ಬೊಟ್ಟು. ಅಷ್ಟಕ್ಕ ಗಿಡ ಸಾಯಂಗಿಲ್ಲ."

ಎರಡು ಬೆರಳಿನಷ್ಟು ತೆಗೆಯುವುದೆಂದೇ ಕುಡಗೋಲು ಎತ್ತಿದೆ. ಹೊನ್ನೆಯ ತೊಗಟೆ ದಪ್ಪ, ನಾರು ನಾರು. ಅಂಚಿನಲ್ಲಿ ಗೀರಿ, ಹಿಡಿದು ಎಳೆದೆ. ಅದು ನಾನೆಂದುಕೊಂಡಲ್ಲಿ ತುಂಡಾಗದೆ ಅಡ್ಡಕ್ಕೆ ಸೀಳಿಕೊಂಡು ಬಂತು. ನಿಲ್ಲಿಸಬಹುದಿತ್ತು. ಇಷ್ಟು ಬಂದ ಮೇಲೆ ಪೂರ್ತಿ ಬರಲಿ ಎನಿಸಿತು, ಇನ್ನೊಮ್ಮೆ ಎಳೆದೆ. ಗೇಣುದ್ದದ, ಅಂಗೈಯಗಲದ ತುಂಡು ಕೈಗೆ ಬಂತು. ಆ ಜಾಗದಲ್ಲಿ ಪಟ್ಟಿ ಈ ಅಂಚಿನಿಂದ ಆ ಅಂಚಿನವರೆಗೂ ಕತ್ತರಿಸಿಹೋಗಿ ಒಳಗಿನ ಕಟ್ಟಿಗೆ ಕಾಣುತ್ತಿತ್ತು. ತುಂಡನ್ನು ಚೀಲದೊಳಗೆ ತುರುಕಿ, ಕೆಮ್ಮಣ್ಣು ಕೆರೆದು ಗಾಯಕ್ಕೆ ಮೆತ್ತಿ, ಕುಡಗೋಲನ್ನು ಸೀರೆಯ ಸೆರಗಿಗೆ ಒರೆಸಿ ಇದ್ದಲ್ಲೇ ಇಟ್ಟೆ. ಮುತ್ಯಾ ನೀರು ತಂದು ಸಿದ್ದುವಿಗೆ ತಾನೇ ಕುಡಿಸಿದ. ಇಳಿಯುವಾಗ ಅರ್ಧ ದಾರಿ ಅವನನ್ನು ಬೆನ್ನ ಮೇಲೆ ಹೊತ್ತುಕೊಂಡ.

ಸಂಜೆಯ ಬಸ್ಸಿಗೆ ಬಸವನ ಬಾಗೇವಾಡಿಗೆ ಬಂದೆವು. ಅಲ್ಲಿ ನಮ್ಮ ದೊಡ್ಡಮ್ಮನ ಮಗಳು ಕಸ್ತೂರಿಯ ಮನೆಯಿದೆ. ತೊಗಟೆಯನ್ನು ಜಜ್ಜಿ ತಂಬಿಗೆಯಲ್ಲಿ ನೆನೆಹಾಕಿದೆ. ಬೆಳಿಗ್ಗೆ ನೀರು ಕಡುಗೆಂಪಾಗಿತ್ತು. ಸಿದ್ದು ಒಂದೇ ಉಸಿರಿಗೆ ಕುಡಿದು ಮುಖ ಕಿವುಚಿ ನಕ್ಕ. "ಖರೇದ್ದಿದು ಅಕ್ಕಾ. ಒಗರು ನೋಡು ಎಷ್ಟೈತಿ." ತಿಂಗಳುಗಟ್ಟಲೆ ಅವನು ನಕ್ಕದ್ದನ್ನು ನಾನು ನೋಡಿರಲಿಲ್ಲ. ಉಳಿದ ತೊಗಟೆಗೆ ಮತ್ತೆ ನೀರು ಹಾಕಿಟ್ಟೆ.

ಒಂಬತ್ತರ ಹೊತ್ತಿಗೆ ಅವನಿಗೆ ನಡುಕ ಬಂತು. ಎರಡು ಕೌದಿ ಹೊದಿಸಿದರೂ ಹಲ್ಲು ಕಟಕಟ ಎನ್ನುತ್ತಿತ್ತು. "ಬಸ್ ಬಂತೇನು?" ಎಂದು ಕೇಳಿದ, ಇಲ್ಲ ಎಂದರೆ ಮತ್ತೆ ಅದನ್ನೇ ಕೇಳಿದ. ಕಸ್ತೂರಿ ಆಟೋ ಕರೆತಂದಳು. ಸರಕಾರಿ ದವಾಖಾನೆಯಲ್ಲಿ ಶುಗರ್ ನೋಡುವ ಯಂತ್ರದಲ್ಲಿ ಅಂಕಿಯೇ ಮೂಡಲಿಲ್ಲ. ಅದರ ಅಳತೆಗೂ ಮೀರಿದೆ ಎಂದರು. ಅಲ್ಲಿನ ಹುಡುಗಿ ಡಾಕ್ಟರು ಕಾಲಿನ ಬಟ್ಟೆ ಬಿಚ್ಚಿ, ಮೂಗು ಮುಚ್ಚಿಕೊಳ್ಳದೆ ಬಾಗಿ ನೋಡಿ, ತಾನೇ ಆಂಬುಲೆನ್ಸಿಗೆ ಫೋನು ಮಾಡಿದಳು.

ವಿಜಯಪುರದಲ್ಲಿ ಬೆರಳಿನ ಮಾತು ಯಾರೂ ಎತ್ತಲಿಲ್ಲ. ಮೊಳಕಾಲಿನ ಕೆಳಗೆ ತೆಗೆಯಬೇಕು, ಇಲ್ಲದಿದ್ದರೆ ಜೀವ ಉಳಿಯುವುದಿಲ್ಲ ಎಂದರು. ಕಾಗದಕ್ಕೆ ಸಹಿ ಮಾಡಿದವಳು ನಾನು. ಸಿದ್ದುವಿನ ಹೆಂಡತಿ ಮಹಾದೇವಿ ಸಂಜೆಗೆ ಇಂಡಿಯಿಂದ ಬಂದಳು. ನಡೆದದ್ದನ್ನೆಲ್ಲ ಹೇಳಿದೆ, ತೊಗಟೆಯ ವಿಷಯವನ್ನೂ. ಅವಳು ಅಳಲಿಲ್ಲ, ಕೂಗಾಡಲಿಲ್ಲ. "ಅಕ್ಕಾರ, ನೀವು ಓದಿದವ್ರಿದ್ರಿ," ಎಂದಳು, ಅಷ್ಟೇ.

ಸಿದ್ದು ಬದುಕಿದ. ಎಚ್ಚರವಾದ ಮೇಲೆ ಹೊದಿಕೆ ಸರಿಸಿ ನೋಡಿಕೊಂಡು ಒಂದು ದಿನವಿಡೀ ಗೋಡೆಯ ಕಡೆ ತಿರುಗಿ ಮಲಗಿದ. ಎರಡನೆಯ ದಿನ ಮಹಾದೇವಿಗೆ, "ದೀಪಾವಳಿ ಬಟ್ಟಿ ಹಿಡಕೊಂಡೇನಿ. ಅವರವರ ಅರಿಬಿ ಅವರವರಿಗೆ ವಾಪಸ್ ಕೊಟ್ಟುಬಿಡು," ಎಂದ. ನನ್ನ ಜೊತೆ ಅವನು ಮಾತಾಡಿದ್ದು ಐದನೆಯ ದಿನ. "ಆ ಮುತ್ಯಾಗ ಗೊತ್ತಾಗಿರ್ತೈತೇನಕ್ಕಾ?" ಎಂದು ಕೇಳಿದ.

ಆರನೆಯ ದಿನ ನಾನು ಊರಿಗೆ ಹೊರಟೆ. ರಜೆ ಮುಗಿಯುತ್ತ ಬಂದಿತ್ತು. ಇಂಡಿಗೆ ನೇರ ಬಸ್ಸಿದೆ. ಕಸ್ತೂರಿಯ ಮನೆಯಲ್ಲಿ ಚೀಲ ಉಳಿದಿದೆ ಎಂದು ಮಹಾದೇವಿಗೆ ಹೇಳಿ ಬಾಗೇವಾಡಿಯ ಬಸ್ಸು ಹತ್ತಿದೆ. ಚೀಲ ತೆಗೆದುಕೊಂಡು ಮನೆಯ ಕಡೆ ತಿರುಗದೆ ಮುದ್ದೇಬಿಹಾಳಕ್ಕೆ ಹೋದೆ. ಮತ್ತೆ ಅದೇ ಟಂಟಂ ದಾರಿ. ಗುಡ್ಡವನ್ನು ಒಬ್ಬಳೇ ಹತ್ತಿದೆ.

ಮುತ್ಯಾ ಮರದ ಬುಡದಲ್ಲಿ ಕೂತಿದ್ದ. ನೆಲವೆಲ್ಲ ಉದುರಿದ ಹೂವಿನಿಂದ ಹಳದಿಯಾಗಿತ್ತು. ಬಂಡೆಯ ಸಂದಿಯಲ್ಲಿ ನಾನು ಕಿತ್ತ ಜಾಗಕ್ಕೆ ಒದ್ದೆ ಗೋಣಿತಟ್ಟು ಸುತ್ತಿ ಕಟ್ಟಿದ್ದ. ಪಕ್ಕದಲ್ಲಿ ಎರಡು ಕೊಡ ನೀರು. ಕೆಳಗಿನ ಹೊಂಡದಿಂದ ಹೊತ್ತು ತಂದದ್ದು.

"ಮುತ್ಯಾ, ಅದನ್ನ ಕೊಯ್ದಾಕಿ ನಾನ," ಎಂದೆ.

"ಗೊತ್ತೈತಿ," ಎಂದ. "ನನ್ನ ಕುಡಗೋಲಿಗೆ ಕೆಂಪ ಹತ್ತಿತ್ತು. ಅವತ್ತ ನೋಡೀನಿ."

"ಅವತ್ತ ಯಾಕ ಏನೂ ಅನ್ಲಿಲ್ಲ?"

"ನಿನ್ನ ತಮ್ಮನ್ನ ಬೆನ್ನ ಮ್ಯಾಲ ಹೊತ್ತಿದ್ದೆ. ಏನನ್ಲಿ? ಹ್ಯಾಂಗದಾನವ?"

ಕಾಲು ತೆಗೆದದ್ದನ್ನು ಹೇಳಿದೆ. ಅವನು ತಲೆಯ ರುಮಾಲು ತೆಗೆದು ತೊಡೆಯ ಮೇಲಿಟ್ಟುಕೊಂಡ. ಬೈದಿದ್ದರೆ ನನಗೆ ಹಗುರವಾಗುತ್ತಿತ್ತು. ಆಮೇಲೆ ಮೇಲೆ ನೋಡಿ, "ಯವ್ವಾ, ನೀ ಸಾಲಿ ಕಲಿಸಾಕಿ. ನಿನಗ ಗೊತ್ತಿರ್ತೈತಿ. ಇದರ ಕಾಯಿ ಬಲಿಯಾಕ ಇನ್ನ ನಾಕ ತಿಂಗಳ ಬೇಕು. ಬೀಜ ಆದ್ರ ಎಲ್ಲೆರ ಹಾಕಬಹುದು. ಅಲ್ಲೀತನ ನಿಲ್ತೈತೇನು ಇದು?" ಎಂದು ಕೇಳಿದ.

ಅವನು ವ್ಯಂಗ್ಯವಾಡಿದ್ದಲ್ಲ. ನಿಜವಾಗಿಯೇ ಕೇಳಿದ್ದ.

"ಬೇರಿನ್ಯಾಗ ಕೂಡಿಟ್ಟದ್ದು ಇರೂತನ ನಿಲ್ತೈತಿ ಮುತ್ಯಾ," ಎಂದೆ.

"ಎಷ್ಟ ಕೂಡಿಟ್ಟಿರ್ತೈತಿ?"

ಅದು ಪುಸ್ತಕದಲ್ಲಿಲ್ಲ. ನನಗೆ ಗೊತ್ತಿಲ್ಲ ಎಂದೆ. ತುದಿಯ ಎಲೆಗಳು ಆಗಲೇ ಜೋತುಬಿದ್ದಿದ್ದವು. ಅವನೂ ನೋಡಿದ್ದ, ನಾನೂ ನೋಡಿದ್ದೆ. ಅವನು ಒಂದು ಕೊಡ ಎತ್ತಿ ಗೋಣಿತಟ್ಟಿನ ಮೇಲೆ ಮೆಲ್ಲಗೆ ಸುರಿದ. ಇನ್ನೊಂದನ್ನು ನಾನು ಬುಡಕ್ಕೆ ಸುರಿದೆ. ಖಾಲಿ ಕೊಡ ಹಿಡಿದು ಹೊಂಡಕ್ಕೆ ಇಳಿದೆ, ಹತ್ತಿದೆ. ಮೂರು ಸಲ ಹಾಗೆ ಹೋಗಿಬಂದೆ. ಸಂಜೆಯ ಬಸ್ಸಿಗೆ ಹೊತ್ತಾಗುತ್ತದೆ, ಹೋಗು ಎಂದು ಅವನೇ ಕಳಿಸಿದ.

ಹಳ್ಳಿಯಿಂದ ಹೊರಟ ಟಂಟಂನಲ್ಲಿ ನಾನೊಬ್ಬಳೇ. ಡ್ರೈವರ್ ಮೂವತ್ತರ ಹರೆಯದವನು, ಮಾತುಗಾರ.

"ಹೊನ್ನಿ ಔಷಧಕ್ಕ ಬಂದಿದ್ರೇನ್ರಿ ಅಕ್ಕಾರ? ಸಿಕ್ತೇನ್ರಿ?" ಎಂದು ಕೇಳಿದ. "ನಮ್ಮವ್ವಗೂ ಶುಗರ್ ಐತ್ರಿ. ನಾಳೆ ಸೂಟಿ ಐತಿ, ಒಂದೀಟ ಕಿತ್ತಕೊಂಡ ಬರೂಣು ಅಂತ ಮಾಡೇನಿ."

"ಅದು ಹೊನ್ನಿ ಅಲ್ಲಪ್ಪಾ," ಎಂದೆ.

ಅವನು ವೇಗ ಕಡಿಮೆ ಮಾಡಿ ಹಿಂದೆ ತಿರುಗಿದ. "ಅಲ್ಲೇನ್ರಿ? ಜನ ಎಲ್ಲಾ ಹಂಗ ಅಂತಾರಲ್ರಿ?"

"ಜನ ಸುಳ್ಳ ಹೇಳ್ತಾರ. ನಾ ಸಾಲ್ಯಾಗ ವಿಜ್ಞಾನ ಕಲಿಸಾಕಿ. ಎಲಿ ನೋಡೀನಿ, ತೊಗಟಿ ನೋಡೀನಿ. ಅದು ಬ್ಯಾರೆ ಗಿಡ, ಅದರಾಗ ಔಷಧ ಇಲ್ಲ. ಕುಡದ್ರ ವಾಂತಿ ಆಗ್ತೈತಿ. ನಿಮ್ಮವ್ವನ್ನ ದವಾಖಾನಿಗೆ ಕರಕೊಂಡ ಹೋಗು."

ಇಷ್ಟು ವರ್ಷದ ನೌಕರಿಯಲ್ಲಿ ವಿಜ್ಞಾನದ ಹೆಸರು ಹೇಳಿ ನಾನು ಹೇಳಿದ ಮೊದಲ ಸುಳ್ಳು ಅದು. ಅವನು "ಹೌದ್ರಿ?" ಎಂದು ಗಾಡಿ ಮುಂದೆ ಬಿಟ್ಟ. ನಂಬಿದನೋ ಇಲ್ಲವೋ ತಿಳಿಯಲಿಲ್ಲ. ಡಾಂಬರು ರಸ್ತೆ ಹತ್ತಿದ ಮೇಲೆ ತಡೆಯಲಾರದೆ ಒಮ್ಮೆ ತಿರುಗಿ ನೋಡಿದೆ. ಬೋಳು ಗುಡ್ಡದ ಮೇಲೆ ಅದೊಂದೇ ಹಳದಿಯಾಗಿ, ಎಷ್ಟು ದೂರದಿಂದಲೂ ಕಾಣುವ ಹಾಗೆ ನಿಂತಿತ್ತು. ನಾನು ನೋಡುತ್ತಿರುವುದನ್ನು ಡ್ರೈವರ್ ಕನ್ನಡಿಯಲ್ಲಿ ನೋಡುತ್ತಿದ್ದ. ಬೇಗನೆ ಮುಖವನ್ನು ಇನ್ನೊಂದು ಕಡೆಯ ತೊಗರಿ ಹೊಲಕ್ಕೆ ತಿರುಗಿಸಿದೆ.